ಕಂಪ್ಯೂಟರಿನೊಳಗಿನ ಅರಳಿಕಟ್ಟೆ

ಕಳಲೆ ಹೆಚ್ಚುವಾಗ ಮಾತಾಡಬಾರದು ಎಂದು ನಮ್ಮ ಅತ್ತೆ ಹೇಳುತ್ತಿದ್ದರು. ಅದರಲ್ಲಿ ಶಾಸ್ತ್ರವೇನೂ ಇಲ್ಲ. ಮಾತಿನ ಭರದಲ್ಲಿ ಬಿಲ್ಲೆ ದಪ್ಪವಾದರೆ ಮೂರು ದಿನ ನೀರಿನಲ್ಲಿಟ್ಟರೂ ಕಹಿ ಬಿಡುವುದಿಲ್ಲ, ಅಷ್ಟೇ. ಅವತ್ತು ನಾನು ಹಿತ್ತಲ ಜಗಲಿಯಲ್ಲಿ ಈಳಿಗೆಮಣೆ ಹಾಕಿಕೊಂಡು ಬಾಯಿ ಬಿಗಿದೇ ಕೂತಿದ್ದೆ. ಮಳೆ ಹಿಡಿದು ವಾರವಾಗಿತ್ತು. ಬೇಲಿಯಂಚಿನ ನಮ್ಮ ಬಿದಿರು ಮೆಳೆಯಲ್ಲಿ ಆ ವರ್ಷದ ಮೊದಲ ಕಳಲೆ ಎದ್ದಿತ್ತು. ಆನೆ ಬಂದು ಮುರಿಯುವ ಮೊದಲು ನಮ್ಮ ಕೈಗೆ ಸಿಕ್ಕಿತಲ್ಲ ಎಂದು ದೇವರಿಗೊಂದು ನಮಸ್ಕಾರ ಹಾಕಿ ಸಿಪ್ಪೆ ಸುಲಿಯಲು ಶುರುಮಾಡಿದ್ದೆ.

ಇಂಥ ಸಣ್ಣಪುಟ್ಟದ್ದಕ್ಕೆಲ್ಲ ದೇವರನ್ನು ಕರೆಯುವುದು ನನ್ನ ಹಳೆಯ ಚಾಳಿ. ಸಂಜೆ ದೀಪ ಹಚ್ಚಿದ ಮೇಲೆ ಅವತ್ತಿನ ಉಪಕಾರಗಳನ್ನೆಲ್ಲ ಅವನ ಮುಂದೆ ಒಪ್ಪಿಸುತ್ತೇನೆ. ಹಾಲು ಒಡೆಯಲಿಲ್ಲ ಸ್ವಾಮಿ. ಒಣಗಿದ ಬಟ್ಟೆ ಒಳಗೆ ತಂದ ಮೇಲೇ ಮಳೆ ಬಂತು. ಮಂಡಿ ನೋವು ಇವತ್ತು ಎಡಗಾಲಿನದ್ದು ಮಾತ್ರ. ನಮ್ಮ ಯಜಮಾನರು ಜಗಲಿಯಿಂದಲೇ ಕೂಗುತ್ತಾರೆ, "ಲೇ ಪದ್ಮ, ಬೇಗ ಮುಗ್ಸೇ. ಅವನಿಗೂ ನಾಕು ಮನೆ ನೋಡೋದಿರುತ್ತೆ."

ಅವತ್ತು ಮಧ್ಯಾಹ್ನ ಎರಡು ಗಂಟೆಯಿದ್ದೀತು, ನಡುಮನೆಯಿಂದ ಸೊಸೆ ಸವಿತ ಕೂಗಿದಳು.

"ಅತ್ತೇ, ಕಂಪ್ಯೂಟರಲ್ಲಿ ಜಾಗಾನೇ ಇಲ್ವಂತೆ! ವಿಡಿಯೋ ಸೇವ್ ಆಗ್ತಾನೇ ಇಲ್ಲ!"

ಆ ವಿಡಿಯೋ ಎಂಥದ್ದು ಅಂತ ಹೇಳದಿದ್ದರೆ ನಿಮಗೆ ಆ ಕೂಗಿನ ತೂಕ ತಿಳಿಯಲಿಕ್ಕಿಲ್ಲ. ಸವಿತ ಮೊದಲು ಕುಶಾಲನಗರದಲ್ಲಿ ಟೀಚರಾಗಿದ್ದವಳು. ಎರಡು ಮಳೆಗಾಲದ ಹಿಂದೆ ನಾನು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಪಾಚಿಗೆ ಜಾರಿ ತೊಡೆಯ ಮೂಳೆ ಮುರಿದುಕೊಂಡೆ. ಅವಳು ಹದಿನೈದು ದಿನದ ರಜೆ ಬರೆದಳು. ಹದಿನೈದು ಹೋಗಿ ತಿಂಗಳಾಯಿತು, ತಿಂಗಳು ಮೂರಾಯಿತು. ಆಮೇಲೆ ಆ ಜಾಗಕ್ಕೆ ಬೇರೆ ಯಾರೋ ಬಂದರು. ನನ್ನ ಕಾಲು ಕೂಡಿತು, ಅವಳ ಕೆಲಸ ಕೂಡಲಿಲ್ಲ. ಈಗ ಹಾರಂಗಿ ಕಡೆಯ ಒಂದು ಶಾಲೆಯವರು, ಹತ್ತು ನಿಮಿಷದ ಒಂದು ಪಾಠ ಮಾಡಿ ವಿಡಿಯೋ ಕಳಿಸಿ, ನಾಳೆ ಐದು ಗಂಟೆ ಕೊನೆ ಎಂದು ಹಿಂದಿನ ದಿನ ಫೋನು ಮಾಡಿದ್ದರು. ಬೆಳಗ್ಗೆಯೇ ನಾನು ಒಂದು ಅಕ್ಕಿರೊಟ್ಟಿ ತಟ್ಟಿಕೊಟ್ಟಿದ್ದೆ. ಅದನ್ನು ಅರ್ಧ ಮಾಡಿ, ಕಾಲು ಮಾಡಿ, ಅರೆಕಾಲು ಮಾಡಿ ಮೂರನೇ ಕ್ಲಾಸಿನ ಭಿನ್ನರಾಶಿ ಪಾಠವನ್ನು ಎಷ್ಟು ಚೆನ್ನಾಗಿ ಹೇಳಿದಳು ಅಂತೀರಿ! ಗಣಿತ ಕಂಡರೆ ಹೆದರುತ್ತಿದ್ದ ನನಗೂ ಅರ್ಥವಾಯಿತು. ಪಾಠ ಮುಗಿದ ಮೇಲೆ ಎಂಟನೇ ಮೂರು ಭಾಗ ತಿಂದೆ ಕೂಡ. ಮೊಬೈಲಿನಲ್ಲಿ ಮೂರು ತುಂಡಾಗಿ ತೆಗೆದ ಆ ಪಾಠವನ್ನು ಕಂಪ್ಯೂಟರಿನಲ್ಲಿ ಒಂದಾಗಿ ಹೊಲಿದು ಕಳಿಸುವುದಷ್ಟೇ ಬಾಕಿಯಿತ್ತು.

ಕಂಪ್ಯೂಟರು ಮಗ ಯಾರಿಂದಲೋ ಕೊಂಡು ತಂದ ಹಳೆಯದು. ಆಯುಧಪೂಜೆಗೆ ಅದಕ್ಕೂ ನಾನು ಕುಂಕುಮವಿಡುತ್ತೇನೆ. ಮಗನಿಗೆ ಕಾಲುವೆಯ ತೂಬು ನೋಡಿಕೊಳ್ಳುವ ಕೆಲಸ. ಅಣೆಕಟ್ಟಿನಿಂದ ನೀರು ಬಿಡುವ ದಿನಗಳಲ್ಲಿ ಅವನ ಫೋನು ಸಿಗುವುದಿಲ್ಲ. ಹಾಗಾಗಿ ಸವಿತ ಫೋನು ಮಾಡಿದ್ದು ಲೈಲಾಗೆ. ಬಸ್‌ ಸ್ಟಾಪಿನ ಎದುರು ಜೆರಾಕ್ಸ್ ಅಂಗಡಿ ಇಟ್ಟಿರುವ ಲೈಲಾ ನಮ್ಮೂರಿನ ಅರ್ಜಿ, ಆಧಾರ್, ಮದುವೆ ಕಾಗದ ಎಲ್ಲವನ್ನೂ ಬಲ್ಲವಳು. ಅವಳ ಅಂಗಡಿಗೇ ಹೋಗಿ ಕೆಲಸ ಮುಗಿಸೋಣವೆಂದರೆ, ತಂತಿಯ ಮೇಲೆ ಮರ ಬಿದ್ದು ಅಲ್ಲಿ ಬೆಳಗಿನಿಂದ ಕರೆಂಟಿಲ್ಲ. ನಮ್ಮದು ಬೇರೆ ಲೈನು, ಇತ್ತು. ಸಂಜೆ ಒಪ್ಪಿಸುವ ಪಟ್ಟಿಗೆ ಅದನ್ನೂ ಸೇರಿಸಿಕೊಂಡೆ.

"ಟೆನ್ಶನ್ ಬೇಡ ಸವಿತಾ," ಎಂದಿತು ಸ್ಪೀಕರಿನಲ್ಲಿ ಲೈಲಾಳ ದನಿ. "ಮೊದ್ಲು ರಿಸೈಕಲ್ ಬಿನ್ ಖಾಲಿ ಮಾಡು."

"ಮಾಡ್ದೆ ಲೈಲಕ್ಕ. ಅದ್ರಲ್ಲೇನೂ ಇರ್ಲಿಲ್ಲ."

"ಟೆಂಪರರಿ ಫೈಲು?"

"ಅದನ್ನೂ ತೆಗ್ದೆ. ಎರಡು ಜಿಬಿ ಸಿಕ್ತು. ವಿಡಿಯೋ ಅರ್ಧ ಆಗೋದ್ರೊಳಗೆ ಅದೂ ಮುಗೀತು."

"ಸರಿ. ಒಳಗಿರೋ ಫೋಲ್ಡರೆಲ್ಲಾ ಒಟ್ಟಿಗೆ ಸೆಲೆಕ್ಟ್ ಮಾಡಿ ಎಷ್ಟು ತೂಕ ನೋಡು."

"ನೂರಾ ಐವತ್ತು ಜಿಬಿ."

"ಡಿಸ್ಕ್ ಎಷ್ಟರದ್ದು?"

"ನಾನೂರ ಅರವತ್ತು ಚಿಲ್ಲರೆ."

"ಹಾಗಾದ್ರೆ ಉಳಿದ ಮುನ್ನೂರು ಎಲ್ಲಿ ಹೋಯ್ತು? ಪಡಚೋನೇ, ದೇವ್ರೇ, ಇದೆಂಥ ಮಾಯ! ನೋಡು, ನನ್ನ ಫೋನಲ್ಲಿ ನಾಲ್ಕೇ ಪಾಯಿಂಟ್ ಚಾರ್ಜ್ ಇರೋದು. ಈಗ ಇಡ್ತೀನಿ. ಇನ್ನೊಂದ್ಸಲ ಹುಡುಕಿ ಕರಿ."

ನಾನು ಜಗಲಿಯಲ್ಲಿ ಕೂತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದೆ. ಕಾಣುವ ಸಾಮಾನು ಕಡಿಮೆ, ಆದರೆ ಜಾಗ ಭರ್ತಿ. ಈ ಲೆಕ್ಕವನ್ನು ನಾನು ಮೊದಲೂ ಎಲ್ಲೋ ಕೇಳಿದ್ದೇನಲ್ಲ ಅನ್ನಿಸಿತು.

ನನ್ನ ತವರು ಹೊಳೆಯಾಚೆ. ಅಲ್ಲಿ ನಮ್ಮ ಮನೆಯ ಹಲಸಿನ ಹಲಗೆಯ ಕಣಜಕ್ಕೆ ಇಪ್ಪತ್ತು ಮೂಟೆ ಭತ್ತ ಹಿಡಿಯುತ್ತಿತ್ತು. ಒಂದು ವರ್ಷ ಹದಿನಾರು ಮೂಟೆ ಸುರಿಯುವಷ್ಟರಲ್ಲೇ ಬಾಯಿಮಟ್ಟ ಬಂತು. ಅಪ್ಪ ಹೊರಗಿನಿಂದ ಬಡಿದು ನೋಡಿದರು, ಹಲಗೆ ಒಳಕ್ಕೆ ಬಾಗಿದೆಯೇ ಎಂದು ನೂಲು ಹಿಡಿದು ನೋಡಿದರು. ಆಳು ಮೋಸದಿಂದ ಹೆಚ್ಚಿಗೆ ಸುರಿದಿರಬಹುದೇ ಎಂದು ಚಿಕ್ಕಪ್ಪ ಅನುಮಾನಪಟ್ಟರು. ಹೆಚ್ಚಿಗೆ ಸುರಿಯುವುದು ಅದೆಂಥ ಮೋಸವೋ ಅವರೇ ಹೇಳಬೇಕು. ಇಷ್ಟೆಲ್ಲ ನಡೆಯುವಾಗ ನಮ್ಮಜ್ಜಿ ಮೂಲೆಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದಳು, ಒಂದು ಮಾತಿಲ್ಲ. ಆಷಾಢದಲ್ಲಿ ಭತ್ತ ಇಳಿದ ಮೇಲೆ ಒಳಗಿಂದ ಎದ್ದು ಬಂದವು, ಮಕ್ಕಳ ಕಣ್ಣಿಗೆ ಬೀಳದಿರಲೆಂದು ಅಜ್ಜಿ ಬಚ್ಚಿಟ್ಟ ಬೆಲ್ಲದ ದೊಡ್ಡ ದೊಡ್ಡ ಮಡಕೆಗಳು.

ಅಜ್ಜಿಯ ಮುಖ ನೆನಪಿಗೆ ಬಂದದ್ದೇ ತಡ, ಈಳಿಗೆಯ ಮೇಲೆ ನನ್ನ ಕೈ ನಿಂತಿತು. ನಾನೂ ಈಗ ಹಾಗೆಯೇ ಮಾತಿಲ್ಲದೆ ಮೂಲೆಯಲ್ಲಿ ಕೂತಿದ್ದೆನಲ್ಲ!

ಕಾರಣ ಹೇಳಬೇಕಾದರೆ ಅರಳಿಕಟ್ಟೆಗೆ ಹೋಗಬೇಕು. ನಿಮ್ಮ ಮನೆಯಲ್ಲೂ ಹೀಗೇ ಇದ್ದೀತು. ಹಳೆಯ ಕ್ಯಾಲೆಂಡರಿನ ಲಕ್ಷ್ಮಿಯನ್ನು, ಗೆದ್ದಲು ತಿಂದ ಕಟ್ಟಿನ ವೆಂಕಟರಮಣನನ್ನು ನಾವು ಕಸಕ್ಕೆ ಹಾಕುವುದಿಲ್ಲ, ಒಲೆಗಂತೂ ಇಲ್ಲವೇ ಇಲ್ಲ. ಅಮ್ಮ ಅವನ್ನು ಶುಭ್ರವಾದ ಬಟ್ಟೆಯಲ್ಲಿ ಸುತ್ತಿಕೊಂಡು ಊರಾಚೆಯ ಅರಳಿಮರದ ಬುಡಕ್ಕೆ ಒರಗಿಸಿ, ಕೈಮುಗಿದು, ಹಿಂದೆ ನೋಡದೆ ಬರುತ್ತಿದ್ದಳು. ಶಾಲೆಗೆ ಹೋಗುವ ದಾರಿಯಲ್ಲಿ ನಾನು ನೋಡುತ್ತಿದ್ದೆ. ಎಷ್ಟು ಮನೆಗಳ ದೇವರುಗಳು ಅಲ್ಲಿ ಮಳೆಯಲ್ಲಿ ನೆನೆಯುತ್ತ ಒಬ್ಬರ ಹೆಗಲಿಗೊಬ್ಬರು ಒರಗಿ ಕೂತಿರುತ್ತಿದ್ದರು! ಒಂದು ದಿನ ತಡೆಯಲಾರದೆ ಒಂದು ಸರಸ್ವತಿಯನ್ನು ಸ್ಲೇಟಿನ ಜೊತೆ ಚೀಲಕ್ಕೆ ತುರುಕಿಕೊಂಡು ಮನೆಗೆ ತಂದುಬಿಟ್ಟೆ. ಅಮ್ಮ ಬೈಯಲಿಲ್ಲ. ನನ್ನನ್ನೇ ಕರೆದುಕೊಂಡು ಹೋಗಿ ವಾಪಸು ಇಡಿಸಿದಳು. "ಮನೇಲಿ ಒಬ್ಳು ಸರಸ್ವತಿ ಅವ್ಳೆ. ಅವ್ಳಿಗೆ ದಿನಾ ಹೂ ಇಡು, ಸಾಕು. ಬಿಟ್ಟು ಬಂದೋರ್ನ ಎಳ್ಕೊಂಡು ಬರಬಾರ್ದು ಮಗಾ," ಅಂದಳು. ನಾನು ಹೂಂ ಅಂದೆ. ಒಳಗೆ ಒಪ್ಪಲಿಲ್ಲ.

ಆ ಒಪ್ಪದ ಹುಡುಗಿಗೆ ಅರವತ್ತು ದಾಟಿದ ಮೇಲೆ ಮಗ ಮೊಬೈಲು ಕೊಡಿಸಿದ. ಕಾಲು ಮುರಿದು ಮಲಗಿದ್ದಾಗ ಅದೇ ನನಗೆ ದೇವಸ್ಥಾನವಾಯಿತು. ಬೆಳಗಾದರೆ ಶುಭೋದಯದ ಗಣಪತಿ, ಗುರುವಾರ ರಾಯರು, ಶನಿವಾರ ಆಂಜನೇಯ, ಯಾರೋ ಕಳಿಸಿದ ಅಭಿಷೇಕದ ವಿಡಿಯೋ, ಆರತಿ, ಭಜನೆ. ಮೊಬೈಲಿನಿಂದ ಯಾವುದನ್ನೂ ಅಳಿಸಲು ಮನಸ್ಸು ಬಾರದು. ಕೆಳಗೆ ಬಿದ್ದು ಒಡೆದುಹೋದರೆ ದೇವರೆಲ್ಲ ಹೋದರಲ್ಲ ಎಂಬ ಭಯ ಬೇರೆ. ಹಾಗಾಗಿ ನಡೆದಾಡುವಂತಾದ ಮೇಲೆ ಪ್ರತಿ ಶುಕ್ರವಾರ ಪೂಜೆ ಮುಗಿಸಿ, ಮೊಬೈಲಿಗೆ ವೈರು ಸಿಕ್ಕಿಸಿ, ಅದರೊಳಗಿನದ್ದನ್ನೆಲ್ಲ ಕಂಪ್ಯೂಟರಿಗೆ ಇಳಿಸತೊಡಗಿದೆ. ಮನೆಯವರು ಯಾರಾದರೂ ಕಸ ಗುಡಿಸುವ ಭರದಲ್ಲಿ ಅಳಿಸಿಬಿಟ್ಟಾರೆಂದು, ಯಾರ ಕಣ್ಣಿಗೂ ಕಾಣದಂತೆ ಇಡುವುದು ಹೇಗೆ ಎಂದು ಒಬ್ಬರ ಹತ್ತಿರ ಕೇಳಿ ಕಲಿತುಕೊಂಡಿದ್ದೆ. ಫೋಲ್ಡರಿನ ಮೇಲೆ ಬಲಗಡೆ ಒತ್ತಿ, ಒಂದು ಚೌಕಕ್ಕೆ ಟಿಕ್ ಹಾಕಿದರೆ ಅದು ಮಾಯ.

ಕಷ್ಟವೇನೆಂದರೆ ಅದು ನನಗೂ ಮಾಯ. ಹಿಂದಿನ ವಾರ ಏನೇನು ಇಳಿಸಿದ್ದೆ ಎಂದು ನೋಡೋಣವೆಂದರೆ ಕಾಣುವುದಿಲ್ಲ. ಯಾವ ದೇವರನ್ನೂ ಬಿಟ್ಟ ಪಾಪ ಬೇಡವೆಂದು ಪ್ರತಿ ಶುಕ್ರವಾರವೂ ಹೊಸ ಫೋಲ್ಡರು ಮಾಡಿ, ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಇಳಿಸಿ, ಬಚ್ಚಿಡುತ್ತಿದ್ದೆ. ಕಂಪ್ಯೂಟರು ತಾನಾಗಿಯೇ ನ್ಯೂ ಫೋಲ್ಡರ್ ಎರಡು, ನ್ಯೂ ಫೋಲ್ಡರ್ ಮೂರು ಎಂದು ಹೆಸರಿಡುತ್ತಿತ್ತು. ಪರವಾಗಿಲ್ಲವೇ, ನನ್ನ ಶುಕ್ರವಾರಗಳನ್ನು ಇದೂ ಎಣಿಸುತ್ತಿದೆಯಲ್ಲ ಎಂದು ನಾನು ಹಿಗ್ಗುತ್ತಿದ್ದೆ.

ಮುನ್ನೂರು ಜಿಬಿ ಎಲ್ಲಿ ಹೋಯಿತೆಂದು ಹೊಳೆದ ಮೇಲಾದರೂ ತಕ್ಷಣ ಎದ್ದು ಹೇಳಿದೆನೇ? ಇಲ್ಲ. ಹೇಳಿದರೆ ಅಷ್ಟೂ ದೇವರುಗಳನ್ನು ಅಳಿಸುತ್ತಾರೆ ಎಂಬ ಸಂಕಟ ಒಂದು ಕಡೆ, ನನ್ನ ಕಾಲಿನಿಂದ ಒಂದು ಸಲ ಅವಳ ಕೆಲಸ ಹೋಯಿತು, ಈಗ ಕೈಯಿಂದ ಇನ್ನೊಂದು ಸಲವೇ ಎಂಬ ನಾಚಿಕೆ ಇನ್ನೊಂದು ಕಡೆ. ಬೇರೆ ಏನಾದರೂ ದಾರಿ ಸಿಗಲಿ ದೇವರೇ ಎಂದುಕೊಳ್ಳುತ್ತ ಕಳಲೆ ಹೆಚ್ಚುತ್ತಲೇ ಇದ್ದೆ. ಬಿಲ್ಲೆಗಳು ದಪ್ಪ ದಪ್ಪ ಬೀಳುತ್ತಿದ್ದವು.

ಗೋಡೆ ಗಡಿಯಾರ ಮೂರು ಹೊಡೆಯಿತು. ಒಳಗೆ ಸವಿತ ತನ್ನಷ್ಟಕ್ಕೇ ಹೇಳಿಕೊಂಡದ್ದು ಕೇಳಿಸಿತು, "ಇನ್ನೇನ್ ಮಾಡೋದು. ಇದನ್ನೇ ತೆಗೀತೀನಿ."

"ಏನನ್ನೇ?" ಅಂದೆ.

"ಮದುವೆ ವಿಡಿಯೋ ಅತ್ತೆ. ಅದೇ ಎಲ್ಲಕ್ಕಿಂತ ದೊಡ್ಡದಿರೋದು. ಅದು ಹೋದ್ರೆ ಜಾಗ ಆಗುತ್ತೆ."

ಸವಿತಳ ಅಪ್ಪ ಅವಳ ಮದುವೆಯಾದ ವರ್ಷವೇ ತೀರಿಕೊಂಡರು. ಅವರು ನಡೆದಾಡುವುದು, ನಗುವುದು, ಧಾರೆಯ ಹೊತ್ತಿನಲ್ಲಿ ಶಲ್ಯದ ಅಂಚಿನಿಂದ ಮೂಗು ಒರೆಸಿಕೊಳ್ಳುವುದು ಇರುವುದು ಆ ಒಂದೇ ವಿಡಿಯೋದಲ್ಲಿ. ಅವಳು ಅದನ್ನು ಎಷ್ಟು ಸಲ ನೋಡುತ್ತಾಳೆಂದು ನನಗೆ ಗೊತ್ತು.

ಹೇಗೆ ಎದ್ದೆನೋ ತಿಳಿಯದು. ಕೈಯಲ್ಲಿ ಕಳಲೆಯ ಸಿಪ್ಪೆ ಹಿಡಿದುಕೊಂಡೇ ನಡುಮನೆಗೆ ಓಡಿದೆ. ರಾಡು ಹಾಕಿದ ಕಾಲಿನಲ್ಲಿ ಓಡಿದೆ ನೋಡಿ!

"ತಡಿಯವ್ವಾ, ಒತ್ತಬೇಡ. ಜಾಗ ತಿಂದೋಳು ನಾನು."

ಎಲ್ಲವನ್ನೂ ಹೇಳಿದೆ. ಸವಿತ ಬಾಯಿ ತೆರೆದುಕೊಂಡು ಕೇಳಿದಳು. ಶುಂಠಿ ಹೊಲದಿಂದ ಆಗಷ್ಟೇ ಬಂದು ಕೆಸರುಗಾಲಿನಲ್ಲಿ ಹೊಸ್ತಿಲಾಚೆ ನಿಂತಿದ್ದ ಯಜಮಾನರೂ ಕೇಳಿದರು. ಮತ್ತೆ ಲೈಲಾಗೆ ಫೋನು ಹೋಯಿತು.

"ಹಿಡನ್ ಮಾಡಿದಾರಾ? ಅಮ್ಮಾ, ಅದು ಯಾರು ನಿಮಗೆ ಹೇಳಿಕೊಟ್ಟಿದ್ದು?"

"ನೀನೇ ಕಣಮ್ಮ. ಪಹಣಿ ಜೆರಾಕ್ಸಿಗೆ ಬಂದಾಗ ಕೇಳಿರ್ಲಿಲ್ವಾ?"

"ಅಯ್ಯೋ, ನಾನಾ!" ಲೈಲಾ ಜೋರಾಗಿ ನಕ್ಕಳು. "ಸವಿತಾ, ಮೇಲೆ ವ್ಯೂ ಅಂತ ಇದೆಯಲ್ಲ, ಅಲ್ಲಿ ಹಿಡನ್ ಐಟಮ್ಸ್‌ಗೆ ಟಿಕ್ ಹಾಕು."

ಸವಿತ ಟಿಕ್ ಹಾಕಿದಳು. ಖಾಲಿಯಿದ್ದ ಬಿಳಿ ಪರದೆಯಲ್ಲಿ, ಮಂಜು ಸರಿದಾಗ ಹೊಳೆಯಾಚೆಯ ಮನೆಗಳು ಕಾಣುವ ಹಾಗೆ, ಮಸುಕು ಹಳದಿಯ ಫೋಲ್ಡರುಗಳು ಸಾಲುಸಾಲಾಗಿ ಎದ್ದು ನಿಂತವು. ಕೊನೆಯದರ ನಂಬರು ಐವತ್ತೆಂಟು.

"ದೇವ್ರು ಎಲ್ಲಾ ಕಡೆ ಅವ್ನೆ ಅಂತ ಗೊತ್ತಿತ್ತು," ಎಂದರು ಯಜಮಾನರು ಹೊಸ್ತಿಲಾಚೆಯಿಂದ. "ಒಂದೇ ಕಡೆ ಐವತ್ತೆಂಟು ಸಲ ಅವ್ನೆ ಅಂತ ಗೊತ್ತಿರ್ಲಿಲ್ಲ."

"ಮಾವಾ, ಸುಮ್ನಿರಿ," ಅಂದಳು ಸವಿತ. ಅವಳ ಕೈ ಮೌಸಿನ ಮೇಲಿತ್ತು, ಆದರೆ ಒತ್ತಲಿಲ್ಲ. ನನ್ನ ಮುಖ ನೋಡಿದಳು. "ಅತ್ತೆ, ನೀವು ಹೇಳದೆ ನಾನು ತೆಗೆಯಲ್ಲ." ಐದು ಗಂಟೆ ಹತ್ತಿರ ಬರುತ್ತಿದ್ದರೂ ಹಾಗೆಂದಳು.

ಫೋನಿನಲ್ಲಿ ಲೈಲಾಳ ದನಿ ಮೆತ್ತಗಾಯಿತು. "ಅಮ್ಮಾ, ನಮ್ಮಲ್ಲೂ ಹಾಗೇ. ಕಿತಾಬಿನ ಹಾಳೆ ಹರಿದ್ರೆ ಕಸಕ್ಕೆ ಹಾಕಲ್ಲ. ಮಣ್ಣಲ್ಲಿ ಹೂಳ್ತೀವಿ, ಇಲ್ಲಾಂದ್ರೆ ಹರಿಯೋ ನೀರಿಗೆ ಬಿಡ್ತೀವಿ. ಮನೇಲಿ ಚೆನ್ನಾಗಿರೋದು ಒಂದಿರುತ್ತಲ್ಲ, ಓದಕ್ಕೆ ಅದು ಸಾಕು. ನಿಮ್ಮ ಕೊನೇ ಫೋಲ್ಡರಲ್ಲಿ ಎಲ್ಲಾ ದೇವ್ರೂ ಇದಾರೆ. ಅದನ್ನ ಇಟ್ಕೊಳ್ಳಿ. ಬಾಕಿದು ನೀವೇ ನಿಮ್ಮ ಕೈಯಾರೆ..." ಅಷ್ಟರಲ್ಲಿ ಅವಳ ಚಾರ್ಜು ಮುಗಿಯಿತು.

ಮನೆಯಲ್ಲಿ ಒಬ್ಬಳು ಸರಸ್ವತಿ ಇದ್ದಾಳೆ, ಸಾಕು. ಅಮ್ಮ ಅಂದಿದ್ದೂ ಅದೇ ಮಾತು. ಅರಳಿಮರದ ಕೆಳಗೆ ಒಪ್ಪದ ನಾನು ಅವತ್ತು ನಡುಮನೆಯಲ್ಲಿ ಒಪ್ಪಿದೆ. ಕೈ ತೊಳೆದು ಬಂದು, ಸವಿತ ಎಳೆದ ಕುರ್ಚಿಯಲ್ಲಿ ಕೂತು, ಪರದೆಗೆ ಕೈಮುಗಿದೆ. ಐವತ್ತೆಂಟನೆಯದನ್ನು ಬಿಟ್ಟು ಉಳಿದದ್ದನ್ನೆಲ್ಲ ಅವಳು ನೀಲಿ ಮಾಡಿಕೊಟ್ಟಳು. ಶಿಫ್ಟನ್ನೂ ಡಿಲೀಟನ್ನೂ ಒಟ್ಟಿಗೆ ಒತ್ತಬೇಕಂತೆ. ಒಂದು ಅವಳು ಹಿಡಿದುಕೊಂಡಳು, ಇನ್ನೊಂದು ನಾನು ಒತ್ತಿದೆ. ಗಣಪತಿಯನ್ನು ನೀರಿಗೆ ಬಿಡುವಾಗ ಹೇಳುವಂತೆ "ಹೋಗಿ ಬಾರಪ್ಪ" ಎಂದು ಬಾಯಲ್ಲಿ ತಾನಾಗಿ ಬಂತು. ಹಸಿರು ಪಟ್ಟಿ ನಿಧಾನವಾಗಿ ತೆವಳುತ್ತ ಆ ತುದಿ ಮುಟ್ಟುವವರೆಗೆ ಯಜಮಾನರೂ ತಮಾಷೆ ಮಾಡದೆ ನಿಂತಿದ್ದರು.

ಮುನ್ನೂರು ಜಿಬಿ ಖಾಲಿ! ಪಾಠ ಹೊಲಿಗೆಯಾಯಿತು, ಸೇವ್ ಆಯಿತು, ಕಳಿಸುವ ಕೆಲಸವೂ ಶುರುವಾಯಿತು. ಆದರೆ ಮಳೆಯಲ್ಲಿ ನಮ್ಮೂರ ನೆಟ್ಟು ಆಮೆಯ ಹಾಗೆ. ನೂರರಲ್ಲಿ ಹನ್ನೆರಡು, ಹದಿಮೂರು ಎನ್ನುತ್ತ ಕೂತಿತು. ಕಾಯುತ್ತ ಸವಿತ ಉಳಿದ ಒಂದು ಫೋಲ್ಡರನ್ನು ತೆರೆದು, "ಇದಕ್ಕೊಂದು ಹೆಸರಿಟ್ಟು ಕಣ್ಣಿಗೆ ಕಾಣೋ ಹಾಗೆ ಇಡೋಣ ಅತ್ತೆ," ಎನ್ನುತ್ತ ಒಂದೊಂದಾಗಿ ನೋಡತೊಡಗಿದಳು. ಯಾವುದೋ ಭಜನೆಯಿರಬೇಕೆಂದು ಒಂದನ್ನು ಒತ್ತಿದಳು.

ಬಂದದ್ದು ನನ್ನದೇ ದನಿ. ಕಾಲು ಕೂಡಿದ ಹೊಸತರಲ್ಲಿ ತಂಗಿ ಸರೋಜಳಿಗೆ ವಾಟ್ಸಾಪಿನಲ್ಲಿ ಮಾತಾಡಿ ಕಳಿಸಿದ್ದು. ಮೊಬೈಲಿನ ಎಲ್ಲವನ್ನೂ ಇಳಿಸಿದೆನಲ್ಲ, ದೇವರ ಜೊತೆ ಅದೂ ಬಂದಿತ್ತು.

"ಸರೋಜಾ, ಇವತ್ತು ಕೋಲಿಲ್ದೆ ದೇವ್ರಮನೆವರೆಗೂ ನಡೆದೆ ಕಣೇ. ಎಲ್ಲಾ ಸವಿತನ ಪುಣ್ಯ. ಹೆತ್ತ ಮಗಳಾಗಿದ್ರೂ ಒಂದಿನ ರೇಗೋಳು. ಇವ್ಳು ಮುಖ ಸಣ್ಣ ಮಾಡ್ಲಿಲ್ಲ ಕಣೇ. ಪಾಪ, ಅವ್ಳ ಕೆಲ್ಸ ನಾನೇ ತಿಂದ್ಹಾಕ್ದೆ. ಅವ್ಳು ತಿರ್ಗ ಸ್ಕೂಲಿಗೆ ಹೋಗೋದನ್ನ ನೋಡ್ಬಿಟ್ರೆ ನಂಗೆ ಇನ್ನೇನೂ ಬೇಡ. ಹೂಂ, ನಿಮ್ಮಲ್ಲಿ ಮಳೆ ಹೆಂಗೆ?"

ಯಜಮಾನರು ಕಾಲು ತೊಳೆಯುವ ನೆಪ ಮಾಡಿ ಹೋದರು. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಹಾಲು ಒಡೆಯದಿದ್ದುದಕ್ಕೆ ದಿನಾ ದೇವರಿಗೆ ಉಪಕಾರ ಒಪ್ಪಿಸುವವಳು ನಾನು. ನನ್ನನ್ನು ಎತ್ತಿ ಕೂರಿಸಿ, ಬಚ್ಚಲಿಗೆ ನಡೆಸಿ, ತಲೆ ಬಾಚಿ ತಿಂಗಳುಗಟ್ಟಲೆ ನೋಡಿಕೊಂಡವಳಿಗೆ ಒಂದು ದಿನ ಎದುರಿಗೆ ಒಂದು ಮಾತು ಹೇಳಿರಲಿಲ್ಲ. ನಮ್ಮಲ್ಲಿ ಮನೆಯವರಿಗೆ ಅಂಥ ಮಾತು ಹೇಳುವ ವಾಡಿಕೆಯೂ ಇಲ್ಲ, ಹೇಳಿದರೆ ಹೊರಗಿನವರಿಗೆ ಹೇಳಿದ ಹಾಗಿರುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ತಂಗಿಗೆ ಹೇಳಿದ್ದೆ, ದೇವರಿಗೆ ಹೇಳಿದ್ದೆ, ಇವಳಿಗೆ ಮಾತ್ರ ಬಚ್ಚಿಟ್ಟಿದ್ದೆ.

ಸವಿತ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ನಕ್ಕಳು. "ಅತ್ತೆ, ಇದೂ ಐವತ್ತೆಂಟು ಸಲ ಇತ್ತು ಅಂತಾಯ್ತು. ಒಂದು ನಾನಿಟ್ಕೊಳ್ತೀನಿ."

ಐದಕ್ಕೆ ಹತ್ತು ನಿಮಿಷವಿರುವಾಗ ಪಾಠ ಹೋಗಿ ಮುಟ್ಟಿತು. ಕರೆಂಟು ಹೋದದ್ದು ಐದೂಕಾಲಿಗೆ. ಇದಕ್ಕಿಂತ ದೊಡ್ಡ ಉಪಕಾರ ಇನ್ನೇನು ಬೇಕು? ಅವತ್ತು ದೀಪದ ಮುಂದೆ ನನ್ನ ಪಟ್ಟಿ ಎಷ್ಟು ಉದ್ದವಾಯಿತೆಂದರೆ, ಯಜಮಾನರು ಒಂದು ಸಲವೂ ಕೂಗದೆ ಕಾದರು.

ಮೂರನೆಯ ದಿನ ಬೆಳಗ್ಗೆ ನಾನು ಕಳಲೆಯ ನೀರನ್ನು ಕೊನೆಯ ಸಲ ಚೆಲ್ಲುತ್ತಿದ್ದೆ. ಸವಿತ ಫೋನು ಹಿಡಿದುಕೊಂಡು ಅಡುಗೆಮನೆಗೆ ಬಂದಳು. ಮುಖ ನೋಡಿಯೇ ತಿಳಿಯಿತು.

"ರೊಟ್ಟಿ ಪಾಠ ಹಿಡಿಸ್ತಂತೆ ಅತ್ತೆ. ಸೋಮವಾರದಿಂದ ಬನ್ನಿ ಅಂದ್ರು."

ಈ ಸಲವಾದರೂ ಎದುರಿಗೇ ಹೇಳಬೇಕೆಂದು ಮೂರು ದಿನದಿಂದ ಮಾತು ಜೋಡಿಸಿಕೊಂಡಿದ್ದೆ. ಬಾಯಿ ತೆರೆದೆ. ಹೊರಗೆ ಬಂದದ್ದೇ ಬೇರೆ.

"ಒಳ್ಳೇದಾಯ್ತು," ಅಂದೆ. "ಆ ಕಾಯಿ ಒಡೆದು ಕೊಡು, ಪಲ್ಯಕ್ಕೆ ಬೇಕು."

ಸವಿತ ಕತ್ತಿಗೆ ಕೈ ಹಾಕುತ್ತ ನಕ್ಕಳು. "ಇರ್ಲಿ ಬಿಡಿ ಅತ್ತೆ. ನನ್ ಹತ್ರ ಕಾಪಿ ಇದೆ."

ಅವಳು ಕಾಯಿ ಒಡೆದಳು. ನಾನು ದಪ್ಪ ಬಿಲ್ಲೆಗಳನ್ನೆಲ್ಲ ಆರಿಸಿ ಇನ್ನೊಂದು ದಿನ ಹೊಸ ನೀರಿಗೆ ಬಿಟ್ಟು, ಉಳಿದದ್ದನ್ನು ಬೇಯಲಿಟ್ಟೆ.